ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಕಳೆದ ಅಕ್ಟೋಬರಿನಲ್ಲಿ ನಾವು ಸೋಮನೂರಿಗೆ ಹೋಗಿದ್ದೆವು. ಕೊಯಮತ್ತೂರಿನಿಂದ ತಿರುಪ್ಪೂರಿನ ಕಡೆಗೆ ರೈಲಿನಲ್ಲಿ ಹೊರಟರೆ ನಡುವೆ ಸಿಗುವ ಊರು ಇದು. ಪಕ್ಕದಲ್ಲೇ ಕರುಮತ್ತಂಪಟ್ಟಿ. ಅಲ್ಲಿನ ಜಪಮಾಲೆ ಮಾತೆಯ ಬಸಿಲಿಕ ನಮ್ಮ ಓದುಗರಲ್ಲಿ ಕೆಲವರಿಗೆ ಗೊತ್ತಿದೆ. ಸೋಮನೂರಿನ ಬೀದಿಗಳಲ್ಲಿ ಹಗಲು ರಾತ್ರಿ ವಿದ್ಯುತ್ ಮಗ್ಗಗಳ ಸದ್ದು. ಆ ಸದ್ದಿನ ನಡುವೆ ಕಿವಿಗೊಟ್ಟರೆ ಕನ್ನಡವೂ ಕೇಳಿಸುತ್ತದೆ. ತಲೆತಲಾಂತರದಿಂದ ನೇಯ್ಗೆ ಮಾಡಿಕೊಂಡು ಬಂದ ದೇವಾಂಗ ಮನೆತನಗಳು ಅಲ್ಲಿ ಬಹಳ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಓದುವುದು ಬರೆಯುವುದು ತಮಿಳಿನಲ್ಲೇ ಆದರೂ ಅಡುಗೆಮನೆಯ ಮಾತು ಕನ್ನಡವಾಗಿ ಉಳಿದಿದೆ.

ಅಂಥದೊಂದು ಮನೆಯ ಯಜಮಾನರು ನಮಗೆ ಮೂವತ್ತು ವರ್ಷಗಳ ಗೆಳೆಯರು. ಅವರದು ಎಂಟು ಮಗ್ಗಗಳ ಸಣ್ಣ ಶೆಡ್ಡು. ವ್ಯಾಪಾರಿಗಳು ಹಾಸಿನ ಬೀಮು ಮತ್ತು ಹೊಕ್ಕಿನ ನೂಲು ಕೊಡುತ್ತಾರೆ. ಇವರು ನೇಯ್ದು ಬಟ್ಟೆ ಹಿಂದಿರುಗಿಸಿ ಕೂಲಿ ಪಡೆಯುತ್ತಾರೆ. ಬೀಮು ತರಲು, ಬಟ್ಟೆ ಒಯ್ಯಲು ಒಂದು ಹಳೆಯ ಪಿಕಪ್ ವಾಹನವಿದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಅದು ಓಡಿದರೆ ಮಗ್ಗ ಓಡುತ್ತದೆ, ಅದು ನಿಂತರೆ ಎಂಟು ಮಗ್ಗಗಳೂ ನಿಲ್ಲುತ್ತವೆ. ಈ ತಿಂಗಳ ನಮ್ಮ ಮಾತು ಆ ಪಿಕಪ್ಪಿನ ಕ್ಲಚ್ಚಿನ ಬಗ್ಗೆ.

ಕ್ಲಚ್ಚಿನ ವಿಷಯ ಗಂಡಸರ ಕೆಲಸ ಎಂದು ಪುಟ ತಿರುವಬೇಡಿ. ಆ ದಿನ ಅಪಾಯಕ್ಕೆ ಸಿಕ್ಕಿದ್ದು ಸ್ಟಿಯರಿಂಗ್ ಹಿಡಿದವನಲ್ಲ, ಅವನ ತಾಯಿ.

ಬೆಳಗಿನ ಏಳು ಗಂಟೆ

ನಾವು ಹೋದ ಮರುದಿನ ಬೆಳಿಗ್ಗೆ ಪಿಕಪ್ಪನ್ನು ಶೆಡ್ಡಿನ ಬಾಗಿಲಿಗೆ ಹಿಂದಕ್ಕೆ ತರಬೇಕಿತ್ತು. ಗೆಳೆಯರ ಮಗ ಚಾಲಕನ ಸೀಟಿನಲ್ಲಿದ್ದ. ತಾಯಿ ಹಿಂದೆ ನಿಂತು ಬೀಮು ಜಾರಿಸುವ ಹಲಗೆಯನ್ನು ಹಿಡಿದುಕೊಂಡಿದ್ದರು. ಹುಡುಗ ಇಂಜಿನ್ ಚಾಲು ಮಾಡಿ, ಕ್ಲಚ್ ತುಳಿದು ರಿವರ್ಸ್ ಹಾಕಲು ಹೋದ. ಗೇರು ಕರಕರನೆ ಕೂಗಿತು. ಅವನು ಪೆಡಲನ್ನು ಎರಡು ಮೂರು ಸಲ ಪಟಪಟನೆ ತುಳಿದ. ಗೇರು ಬಿತ್ತು. ಆದರೆ ಕಾಲು ಇನ್ನೂ ಪೆಡಲಿನ ಮೇಲಿರುವಾಗಲೇ ವಾಹನ ತಾನಾಗಿ ಹಿಂದಕ್ಕೆ ಸರಿಯಿತು. ನಾವು ಕೂಗಿದೆವು. ಹುಡುಗ ಬ್ರೇಕ್ ಒತ್ತಿದ, ಇಂಜಿನ್ ಗಕ್ಕನೆ ನಿಂತಿತು. ತಾಯಿಗೂ ಗೋಡೆಗೂ ನಡುವೆ ಉಳಿದದ್ದು ಒಂದು ಗೇಣು ಜಾಗ.

ಆಕೆ ಹಲಗೆ ಕೆಳಗಿಟ್ಟು ಏನೂ ಆಗಿಲ್ಲವೆಂಬಂತೆ ಒಳಗೆ ಹೋಗಿ ಕಾಫಿ ಮಾಡಿದರು. ಆದರೆ ಲೋಟ ಕೊಡುವಾಗ ಕೈ ನಡುಗುತ್ತಿತ್ತು.

"ಬೆಳಗ್ಗೆ ಹೊತ್ತು ಸ್ವಲ್ಪ ಹಟ ಮಾಡ್ತದೆ, ಆಮೇಲೆ ಸರಿಹೋಗ್ತದೆ," ಎಂದ ಹುಡುಗ. ಗೆಳೆಯರು ಮಾತ್ರ ತಲೆಯ ಮೇಲೆ ಕೈ ಹೊತ್ತರು. ಏಕೆಂದರೆ ಮೂರು ತಿಂಗಳ ಹಿಂದಷ್ಟೇ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿಸಿದ್ದರು. ಗೇರ್ ಬಾಕ್ಸ್ ಇಳಿಸಿ ಮಾಡುವ ಕೆಲಸ ಅದು. ಎರಡು ದಿನ ಮಗ್ಗ ನಿಂತಿತ್ತು. ಹಣಕ್ಕಾಗಿ ಮನೆಯಾಕೆಯ ಬಳೆ ಅಡವಿಗೆ ಹೋಗಿತ್ತು. ಎರಡು ವಾರ ಚೆನ್ನಾಗಿ ಓಡಿದ ವಾಹನ ಮತ್ತೆ ಅದೇ ಹಾಡು ಹಾಡತೊಡಗಿತ್ತು. ಇನ್ನೊಂದು ಗ್ಯಾರೇಜಿನವರು ಮತ್ತೆ ಪ್ಲೇಟನ್ನೇ ಬದಲಿಸಬೇಕು ಎಂದಿದ್ದರಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಇಲ್ಲಿ ಜ್ವರ ಯಾರಿಗೆ ಎಂದು ಮೊದಲು ನೋಡಬೇಕಿತ್ತು.

ಕ್ಲಚ್ ಮಾಡುವ ಕೆಲಸ

ಇಂಜಿನ್ ಸದಾ ತಿರುಗುತ್ತಿರುತ್ತದೆ. ಗೇರ್ ಬದಲಿಸುವಾಗ, ನಿಲ್ಲುವಾಗ ಇಂಜಿನ್ನಿಗೂ ಚಕ್ರಗಳಿಗೂ ಇರುವ ಸಂಬಂಧವನ್ನು ಸ್ವಲ್ಪ ಹೊತ್ತು ಬಿಡಿಸಬೇಕು. ಅದೇ ಕ್ಲಚ್ಚಿನ ಕೆಲಸ. ಇಂಜಿನ್ನಿನ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ನಾವು ಪೆಡಲ್ ತುಳಿದಾಗ ಆ ಹಿಡಿತ ಸಡಿಲವಾಗುತ್ತದೆ. ಪ್ಲೇಟು ಬಿಡಿಸಿಕೊಳ್ಳಲು ಬೇಕಾದ ಸಂದು ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಈ ಸಣ್ಣ ಲೆಕ್ಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಾಲಿನ ಒತ್ತಡವನ್ನು ಅಲ್ಲಿಯವರೆಗೆ ಮುಟ್ಟಿಸಲು ಎರಡು ದಾರಿಗಳಿವೆ. ಅನೇಕ ಸಣ್ಣ ವಾಹನಗಳಲ್ಲಿ ಸೈಕಲ್ ಬ್ರೇಕಿನಂತೆ ಉಕ್ಕಿನ ಕೇಬಲ್ ಇರುತ್ತದೆ. ಬೇರೆ ಅನೇಕ ವಾಹನಗಳಲ್ಲಿ ದ್ರವದ ಮೂಲಕ ಆ ಕೆಲಸ ನಡೆಯುತ್ತದೆ; ಅದೇ ಹೈಡ್ರಾಲಿಕ್ ಕ್ಲಚ್. ಪೆಡಲಿನ ಹತ್ತಿರ ಮಾಸ್ಟರ್ ಸಿಲಿಂಡರ್ ಇರುತ್ತದೆ. ಕೆಳಗೆ ಗೇರ್ ಬಾಕ್ಸಿನ ಬಳಿ ಸ್ಲೇವ್ ಸಿಲಿಂಡರ್ ಇರುತ್ತದೆ. ಎರಡರ ನಡುವೆ ಒಂದು ಕೊಳವೆ. ಪೆಡಲ್ ತುಳಿದರೆ ಮೇಲಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ. ಕೆಳಗಿನ ಪಿಸ್ಟನ್ ಹೊರಗೆ ಬಂದು ಕ್ಲಚ್ ಫೋರ್ಕನ್ನು ನೂಕುತ್ತದೆ.

ಇದರ ಹಿಂದಿರುವ ನಿಯಮವನ್ನು ಶಾಲೆಯಲ್ಲಿ ಪಾಸ್ಕಲ್ ನಿಯಮ ಎಂದು ಓದಿದ್ದೇವೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಬ್ಲೇಸ್ ಪಾಸ್ಕಲ್ 1623ರಲ್ಲಿ ಹುಟ್ಟಿ 1662ರಲ್ಲಿ ತೀರಿಕೊಂಡವರು. ದ್ರವಗಳ ಸಮತೋಲನದ ಬಗ್ಗೆ ಅವರು ಬರೆದ ಗ್ರಂಥ ಅಚ್ಚಾದದ್ದು ಅವರು ಸತ್ತ ಮರುವರ್ಷ, 1663ರಲ್ಲಿ. ಅಂದು ಬರೆದಿಟ್ಟ ನಿಯಮದಂತೆ ಇಂದಿಗೂ ನಮ್ಮ ಕಾಲಿನ ಒತ್ತಡ ಕ್ಲಚ್ಚಿನವರೆಗೆ ಹೋಗುತ್ತಿದೆ.

ಆದರೆ ಈ ನಿಯಮಕ್ಕೆ ಒಂದು ಷರತ್ತಿದೆ. ಪಾತ್ರೆ ಮುಚ್ಚಿರಬೇಕು, ಒಳಗೆ ದ್ರವ ಮಾತ್ರ ಇರಬೇಕು. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲವೆಂದೇ ಹೇಳಬಹುದು, ಗಾಳಿ ಕುಗ್ಗುತ್ತದೆ. ಕೊಳವೆಯೊಳಗೆ ಸ್ವಲ್ಪ ಗಾಳಿ ಸೇರಿದರೂ ಕಾಲಿನ ಶ್ರಮ ಆ ಗಾಳಿಯನ್ನು ಅಮುಕುವುದರಲ್ಲೇ ಮುಗಿಯುತ್ತದೆ. ಬೇಕಾದದ್ದು ಒಂದು ಮಿಲಿಮೀಟರಿನಷ್ಟು ಸಂದು ಎಂದೆವಲ್ಲ, ಆ ಸಂದೇ ಸಿಗುವುದಿಲ್ಲ. ಪೆಡಲ್ ತುಳಿದರೂ ಪ್ಲೇಟು ಪೂರ್ತಿ ಬಿಡಿಸಿಕೊಳ್ಳದೆ ಎಳೆಯುತ್ತಲೇ ಇರುತ್ತದೆ.

ಮೊದಲ ಪ್ರಶ್ನೆ: ಜಾರುತ್ತಿದೆಯೋ, ಎಳೆಯುತ್ತಿದೆಯೋ?

"ಕ್ಲಚ್ ಹೋಗಿದೆ" ಎಂದು ಎಲ್ಲರೂ ಹೇಳುತ್ತೇವೆ. ಅದು "ಹೊಟ್ಟೆನೋವು" ಎಂದು ವೈದ್ಯರಿಗೆ ಹೇಳಿದಂತೆ. ಕ್ಲಚ್ ಎರಡು ವಿಧದಲ್ಲಿ ಹೋಗುತ್ತದೆ, ಎರಡೂ ಒಂದಕ್ಕೊಂದು ವಿರುದ್ಧ.

ಒಂದು, ಜಾರುವುದು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿನ ಸದ್ದು ಏರುತ್ತದೆ, ವಾಹನದ ವೇಗ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಇಲ್ಲಿ ಹಿಡಿತ ಸಾಲದು. ಸಾಮಾನ್ಯವಾಗಿ ಪ್ಲೇಟು ಸವೆದಿರುತ್ತದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿರುತ್ತದೆ.

ಇನ್ನೊಂದು, ಎಳೆಯುವುದು. ಓಡುವಾಗ ಶಕ್ತಿಗೆ ಏನೂ ಕೊರತೆಯಿಲ್ಲ. ಆದರೆ ನಿಂತಲ್ಲಿ ಗೇರ್ ಬೀಳುವುದಿಲ್ಲ, ರಿವರ್ಸ್ ಕರಕರ ಎನ್ನುತ್ತದೆ, ಪೆಡಲ್ ತುಳಿದಿದ್ದರೂ ವಾಹನ ತೆವಳುತ್ತದೆ. ಇಲ್ಲಿ ಹಿಡಿತ ಬಿಡುತ್ತಿಲ್ಲ. ಆಗ ಮೊದಲು ನೋಡಬೇಕಾದದ್ದು ಬಿಡಿಸುವ ವ್ಯವಸ್ಥೆಯನ್ನು, ಅಂದರೆ ಪೆಡಲ್, ಸಿಲಿಂಡರ್, ದ್ರವ, ಕೊಳವೆ, ಫೋರ್ಕುಗಳನ್ನು.

ಗೆಳೆಯರನ್ನು ಕೇಳಿದೆವು: "ಏರಿನಲ್ಲಿ ಯಾವತ್ತಾದರೂ ಸೊರಗಿದೆಯೇ?" "ಇಲ್ಲವೇ ಇಲ್ಲ," ಎಂದರು. ಕೊಳ್ಳೇಗಾಲದ ನೆಂಟರ ಮದುವೆಗೆ ಸಾಮಾನು ಹೇರಿಕೊಂಡು ಸತ್ಯಮಂಗಲದ ಮೇಲಿನ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಹೋಗಿ ಬಂದಿದ್ದರಂತೆ, ಪ್ಲೇಟು ಬದಲಿಸುವ ಮುಂಚೆಯೇ. ಸವೆದ ಪ್ಲೇಟು ಆ ಘಾಟಿಯನ್ನು ಸುಮ್ಮನೆ ಹತ್ತಿಸುವುದಿಲ್ಲ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಇನ್ನೊಂದು ಸಾಕ್ಷಿಯೂ ಶೆಡ್ಡಿನ ಮೂಲೆಯಲ್ಲೇ ಬಿದ್ದಿತ್ತು. ಗೆಳೆಯರು ಹಳೆಯ ಪ್ಲೇಟನ್ನು ಗ್ಯಾರೇಜಿನಲ್ಲಿ ಬಿಡದೆ ಮನೆಗೆ ತಂದಿದ್ದರು. ಗೋಣಿಯಲ್ಲಿ ಒರೆಸಿ ನೋಡಿದೆವು. ರಿವೆಟ್ಟುಗಳ ತಲೆ ಲೈನಿಂಗಿನ ಮೇಲ್ಮೈಗಿಂತ ಚೆನ್ನಾಗಿ ಒಳಗೇ ಇತ್ತು. ಎಣ್ಣೆಯ ಕಲೆಯಿಲ್ಲ, ಸುಟ್ಟ ಗುರುತಿಲ್ಲ. ಇನ್ನೂ ಬಹಳ ದಿನ ಬಾಳಬಹುದಾಗಿದ್ದ ಪ್ಲೇಟು ಅದು. ಗೆಳೆಯರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಒಂದು ಮಾತು ಹೇಳಬೇಕು. ಬದಲಿಸಿದ ಭಾಗವನ್ನು ಕೇಳಿ ಮನೆಗೆ ತನ್ನಿ. ಮೆಕ್ಯಾನಿಕ್ಕರ ಮೇಲೆ ಅನುಮಾನದಿಂದ ಅಲ್ಲ. ಮುಂದೆ ತೊಂದರೆ ಬಂದಾಗ ಅದು ಸತ್ಯ ಹೇಳುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಆಮೇಲೆ ಒಂದೊಂದಾಗಿ ನೋಡುತ್ತಾ ಹೋದೆವು. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟೆವು. ಮುಂದೆ, ಹಿಂದೆ ಯಾರನ್ನೂ ನಿಲ್ಲಗೊಡಲಿಲ್ಲ.

ಮೊದಲನೆಯದು, ಇಂಜಿನ್ ಆರಿಸಿ ಗೇರ್ ಹಾಕಿ ನೋಡುವುದು. ಎಲ್ಲ ಗೇರುಗಳೂ ಬೆಣ್ಣೆಯಂತೆ ಬಿದ್ದವು. ಇಂಜಿನ್ ನಿಂತಿರುವಾಗಲೂ ಬಿಗಿಯಾಗಿದ್ದರೆ ಗೇರ್ ಲಿವರಿನ ಜೋಡಣೆಯನ್ನೋ ಗೇರ್ ಬಾಕ್ಸನ್ನೋ ಅನುಮಾನಿಸಬೇಕಿತ್ತು. ನಿಂತಾಗ ಸಲೀಸು, ಇಂಜಿನ್ ತಿರುಗುವಾಗ ಕರಕರ ಎಂದರೆ ತೊಂದರೆ ಕ್ಲಚ್ ಬಿಡುವುದರಲ್ಲೇ ಇದೆ.

ಎರಡನೆಯದು, ಪೆಡಲಿನ ಮಾತು ಕೇಳುವುದು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದು, ಪಟಪಟನೆ ತುಳಿದರೆ ಗಟ್ಟಿಯಾಗುತ್ತಿದ್ದರೆ ಒಳಗೆ ಗಾಳಿ ಸೇರಿರಬಹುದು. ತುಳಿದು ಹಿಡಿದಾಗ ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ದ್ರವ ಎಲ್ಲೋ ತಪ್ಪಿಸಿಕೊಳ್ಳುತ್ತಿದೆ: ಒಂದೋ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನೊಳಗೆ ಸವೆದ ರಬ್ಬರ್ ಕಪ್ಪನ್ನು ದಾಟಿ ಹಿಂದಕ್ಕೆ ಹೋಗುತ್ತಿದೆ. ಪೆಡಲ್ ಗಟ್ಟಿಯಾಗಿಯೇ ಇದ್ದು, ಕೆಳಗಿನ ಫೋರ್ಕು ಪೂರ್ತಿ ಚಲಿಸಿದರೂ ಕ್ಲಚ್ ಬಿಡದಿದ್ದರೆ ಆಗ ಮಾತ್ರ ಗೇರ್ ಬಾಕ್ಸ್ ಇಳಿಸುವ ಮಾತು ಬರುತ್ತದೆ. ಇದರ ಜೊತೆಗೆ ಪೆಡಲಿನ ಬುಷ್, ಪಿನ್ನು ಕೂರುವ ತೂತು ಸವೆದು ಅಗಲವಾಗಿದೆಯೇ ಎಂದೂ ಅಲುಗಾಡಿಸಿ ನೋಡಬೇಕು. ಅಲ್ಲೇ ಅರ್ಧ ಚಲನೆ ಕಳೆದುಹೋಗುವುದುಂಟು.

ನಮ್ಮ ಪಿಕಪ್ಪಿನಲ್ಲಿ ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದೆವು. ಅರ್ಧ ನಿಮಿಷದಲ್ಲಿ ಅದು ನಿದ್ದೆ ಬಂದ ಮಗುವಿನ ತಲೆಯಂತೆ ಮೆಲ್ಲಗೆ ಕೆಳಗೆ ವಾಲಿತು.

ಮೂರನೆಯದು, ಇಬ್ಬರು ಮಾಡುವ ಪರೀಕ್ಷೆ. ಇಂಜಿನ್ ಆರಿಸಿರಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಕಡ್ಡಿ ಎಷ್ಟು ಹೊರಬರುತ್ತದೆ ಎಂದು ನೋಡಬೇಕು. ಎಷ್ಟು ಬರಬೇಕೆಂಬುದು ಆಯಾ ವಾಹನದ ಕೈಪಿಡಿಯಲ್ಲಿರುತ್ತದೆ. ಹುಡುಗ ತುಳಿದ, ನಾವು ಬದಿಯಿಂದ ಬಗ್ಗಿ ನೋಡಿದೆವು. ಕಡ್ಡಿ ಹೊರಬಂತು, ಬಂದದ್ದು ನಿಲ್ಲದೆ, ಹುಡುಗನ ಕಾಲು ಒತ್ತಿದ್ದಂತೆಯೇ ಮೆಲ್ಲಗೆ ಒಳಗೆ ಸರಿಯಿತು. ಕೆಳಗಿನ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸರಿಸಿ ಬೆರಳಾಡಿಸಿದೆವು. ಒಣಗಿತ್ತು. ಹೋಸ್ ಪೈಪಿನಲ್ಲಿ ಬಿರುಕಿಲ್ಲ, ಜೋಡಣೆಗಳಲ್ಲಿ ಒದ್ದೆಯಿಲ್ಲ. ಹಾಗಾದರೆ ಕಳ್ಳ ಮೇಲಿದ್ದಾನೆ.

(ಕೆಲವು ವಾಹನಗಳಲ್ಲಿ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗಿನ ಒಳಗೇ ಇರುತ್ತದೆ. ಅಲ್ಲಿ ಕಡ್ಡಿ ಕಾಣಿಸುವುದಿಲ್ಲ. ಹೌಸಿಂಗಿನ ತಳದಿಂದ ದ್ರವ ತೊಟ್ಟಿಕ್ಕುತ್ತಿದೆಯೇ ಎಂದು ನೋಡಬೇಕು.)

ಮ್ಯಾಟಿನ ಕೆಳಗೆ

ಹುಡುಗನನ್ನು ಇಳಿಸಿ ಚಾಲಕನ ಕಾಲ ಕೆಳಗಿನ ರಬ್ಬರ್ ಮ್ಯಾಟನ್ನು ಎತ್ತಿದೆವು. ಕೆಳಗೆ ಜಿಡ್ಡು. ತಗಡಿನ ಬಣ್ಣ ಗುಳ್ಳೆಯೆದ್ದು ಸಿಪ್ಪೆಯಂತೆ ಸುಲಿದಿತ್ತು. ಪೆಡಲಿನ ಹಿಂದೆ, ಮಾಸ್ಟರ್ ಸಿಲಿಂಡರಿನ ಕಡ್ಡಿ ಒಳಹೋಗುವ ಜಾಗ ಒದ್ದೆಯಾಗಿತ್ತು.

ಜಿಡ್ಡು ಯಾವುದೆಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಸ್ವಲ್ಪ ಜಿಡ್ಡನ್ನು ಕಡ್ಡಿಯಲ್ಲಿ ತೆಗೆದು ಎಸೆಯಬಹುದಾದ ಲೋಟದ ನೀರಿಗೆ ಹಾಕಿ. ಇಂಜಿನ್ ಆಯಿಲ್, ಗೇರ್ ಆಯಿಲ್ ಆದರೆ ಮೇಲೆ ತೇಲುತ್ತದೆ. ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿಹೋಗುತ್ತದೆ. ನಾವು ಬ್ರೇಕ್ ಆಯಿಲ್ ಎಂದು ಕರೆದರೂ ಅದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ರಾಸಾಯನಿಕ. ಹೈಡ್ರಾಲಿಕ್ ಕ್ಲಚ್ಚಿಗೂ ಸಾಮಾನ್ಯವಾಗಿ ಅದನ್ನೇ ಹಾಕುತ್ತಾರೆ. ನಮ್ಮ ಲೋಟದಲ್ಲಿ ಜಿಡ್ಡು ಕರಗಿತು. ಇದು ವಿಷ, ಲೋಟವನ್ನು ಮಕ್ಕಳ ಕೈಗೆ ಸಿಗದಂತೆ ಕೂಡಲೇ ವಿಲೇವಾರಿ ಮಾಡಿ, ಕೈ ತೊಳೆಯಿರಿ, ಕಣ್ಣಿಗೆ ತಾಗಿಸಬೇಡಿ.

ಈಗ ಬಾನೆಟ್ ಎತ್ತಿ ದ್ರವದ ಡಬ್ಬಿ ನೋಡಿದೆವು. ಆಶ್ಚರ್ಯ! ಡಬ್ಬಿ ತುಂಬಿತ್ತು. ಇಷ್ಟು ಸೋರಿದ ಮೇಲೂ ತುಂಬಿರುವುದು ಹೇಗೆ? ನಾವು ಹುಡುಗನ ಮುಖ ನೋಡಿದೆವು. ಅವನು ಸೀಟಿನ ಹಿಂದೆ ಕೈಹಾಕಿ ಅರ್ಧ ಖಾಲಿಯಾದ ಬಾಟಲಿಯೊಂದನ್ನು ತೆಗೆದ.

"ವಾರಕ್ಕೊಂದು ಸಲ ಹಾಕ್ತಿದ್ದೆ," ಎಂದ. ಐದಾರು ತಿಂಗಳಿಂದ ಹಾಕುತ್ತಿದ್ದನಂತೆ. ಅಂದರೆ ಪ್ಲೇಟು ಬದಲಿಸುವ ಮುಂಚಿನಿಂದಲೂ.

ತಂದೆ ಕೇಳಿದರು, "ನನಗೆ ಯಾಕೆ ಹೇಳಲಿಲ್ಲ?"

"ಕೂಲಿ ವಿಷಯದಲ್ಲಿ ವ್ಯಾಪಾರಿಗಳ ಹತ್ತಿರ ನೀವು ಹೋರಾಡ್ತಾ ಇದ್ರಿ. ಅಷ್ಟರಲ್ಲಿ ಇದೊಂದು ಯಾಕೆ ಅಂತ. ನಾನೇ ನೋಡ್ಕೋತೀನಿ ಅಂದ್ಕೊಂಡೆ."

ಸೋಮನೂರು, ಪಲ್ಲಡಂ ಕಡೆಯ ನೇಕಾರರ ಕೂಲಿಯ ಗೋಳು ಹೊಸದಲ್ಲ. ಕೂಲಿ ಹೆಚ್ಚಳಕ್ಕಾಗಿ ಮಗ್ಗ ನಿಲ್ಲಿಸಿ ಕುಳಿತ ದಿನಗಳು ಅಲ್ಲಿ ಮತ್ತೆ ಮತ್ತೆ ಬಂದಿವೆ. ಅಂಥ ಮನೆಯ ಮಗ ತಂದೆಯ ಚಿಂತೆಗೆ ಇನ್ನೊಂದನ್ನು ಸೇರಿಸದಿರಲು ನೋಡಿದ್ದು ಪ್ರೀತಿಯಿಂದಲೇ. ಆದರೆ ಅವನು ಮುಚ್ಚಿಟ್ಟ ಬಾಟಲಿ ತಾಯಿಯ ಬಳೆಯನ್ನು ಅಡವಿಗೆ ಕಳಿಸಿತು. ಅಂದು ಬೆಳಿಗ್ಗೆ ಇನ್ನೇನನ್ನು ಕಿತ್ತುಕೊಳ್ಳುತ್ತಿತ್ತೋ!

ತಪ್ಪು ಅವನೊಬ್ಬನದೇ ಅಲ್ಲ. ಗೆಳೆಯರೇ ಒಪ್ಪಿಕೊಂಡರು: ಗ್ಯಾರೇಜಿಗೆ ಹೋಗಿ ಅವರು ಹೇಳಿದ್ದು "ಕ್ಲಚ್ ಹೋಗಿದೆ, ಪ್ಲೇಟು ಹಾಕಿಕೊಡಿ" ಎಂದು. ರೋಗ ಏನೆಂದು ಹೇಳದೆ ಮದ್ದು ಯಾವುದೆಂದು ಹೇಳಿದ್ದರು. ಮೆಕ್ಯಾನಿಕ್ ಕೇಳಿದ್ದನ್ನು ಮಾಡಿಕೊಟ್ಟ. ಮ್ಯಾಟು ಎತ್ತಿ ನೋಡುವುದು ಅವನ ಕೆಲಸವಾಗಿತ್ತು, ನಿಜ. ಆದರೆ ಡಬ್ಬಿ ತುಂಬಿತ್ತಲ್ಲ, ಸೋರಿಕೆಯ ಅನುಮಾನ ಅವನಿಗೆ ಬರಲಿಲ್ಲ.

ಹಾಗಾದರೆ ಹೊಸ ಪ್ಲೇಟು ಹಾಕಿದ ಮೇಲೆ ಎರಡು ವಾರ ಚೆನ್ನಾಗಿ ಓಡಿದ್ದೇಕೆ? ಗೇರ್ ಬಾಕ್ಸ್ ಇಳಿಸುವಾಗ ಸ್ಲೇವ್ ಸಿಲಿಂಡರ್ ಬಿಚ್ಚಿದ್ದರು. ಮತ್ತೆ ಜೋಡಿಸಿದಾಗ ಹೊಸ ದ್ರವ ಹಾಕಿ ಗಾಳಿ ತೆಗೆದಿದ್ದರು. ವಾಹನ ಸುಧಾರಿಸಿದ್ದು ಆ ಚಿಕ್ಕ ಕೆಲಸದಿಂದ. ಹೆಸರು ಬಂದದ್ದು ದೊಡ್ಡ ಕೆಲಸಕ್ಕೆ. ಗಾಳಿ ತೆಗೆದರೆ ತಾತ್ಕಾಲಿಕ ಶಮನ ಸಿಗುತ್ತದೆ. ಗಾಳಿ ಬಂದ ದಾರಿ ಮುಚ್ಚದಿದ್ದರೆ ಅದು ಮತ್ತೆ ಬರುತ್ತದೆ.

ಬ್ರೇಕಿಗೂ ಕ್ಲಚ್ಚಿಗೂ ಇರುವ ವ್ಯತ್ಯಾಸ

ಇಲ್ಲಿ ಅನೇಕ ಅನುಭವಿ ಚಾಲಕರಿಗೂ ತಿಳಿಯದ ಒಂದು ಸಂಗತಿಯಿದೆ. ಬ್ರೇಕ್ ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುವುದರಿಂದ ಬ್ರೇಕಿನ ಡಬ್ಬಿಯಲ್ಲಿ ದ್ರವದ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಕ್ಲಚ್ಚಿನಲ್ಲಿ ಹಾಗಲ್ಲ. ತಾನಾಗಿ ಹೊಂದಿಕೊಳ್ಳುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪ್ಲೇಟು ಸವೆದಂತೆ ಸ್ಲೇವ್ ಪಿಸ್ಟನ್ ಒಳಕ್ಕೆ ತಳ್ಳಲ್ಪಡುತ್ತದೆ; ದ್ರವ ಮೇಲಕ್ಕೆ ಡಬ್ಬಿಗೆ ಹಿಂದಿರುಗುತ್ತದೆ. ಆದ್ದರಿಂದ ಕ್ಲಚ್ಚಿಗೆ ಬೇರೆ ಡಬ್ಬಿ ಇರುವ ವಾಹನದಲ್ಲಿ ಮಟ್ಟ ಇಳಿಯಿತೆಂದರೆ ಒಂದೇ ಅರ್ಥ: ಎಲ್ಲೋ ಸೋರುತ್ತಿದೆ. "ಸವೆದದ್ದಕ್ಕೆ ಇಳಿದಿರಬೇಕು" ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ.

ಇನ್ನು ಕೆಲವು ವಾಹನಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಲ್ಲಿ ಮಟ್ಟ ಇಳಿಯುತ್ತಿದ್ದರೆ ಒಂದು ದಿನವೂ ತಡಮಾಡಬಾರದು. ಸೋರುತ್ತಿರುವುದು ಕ್ಲಚ್ಚೋ ಬ್ರೇಕೋ ಎಂದು ಮೇಲಿನಿಂದ ನೋಡಿದರೆ ತಿಳಿಯದು.

ದುರಸ್ತಿ

ಮಧ್ಯಾಹ್ನ ಗೆಳೆಯರು ಪರಿಚಯದ ಮೆಕ್ಯಾನಿಕ್ಕನ್ನು ಶೆಡ್ಡಿಗೇ ಕರೆಸಿದರು. ವಯಸ್ಸಾದ ಮನುಷ್ಯ, ಮಾತು ಕಡಿಮೆ. ಕೊಯಮತ್ತೂರು ಸೀಮೆಯಲ್ಲಿ ಯಂತ್ರ ಬಲ್ಲವರಿಗೆ ಕೊರತೆಯಿಲ್ಲ. ಪೊಳ್ಳಾಚಿ–ಪಳನಿ ನಡುವೆ 1920ರಲ್ಲಿ ಬಸ್ಸು ಓಡಿಸಲು ಆರಂಭಿಸಿ ಮುಂದೆ ದೊಡ್ಡ ಸಾರಿಗೆ ಸಂಸ್ಥೆಯನ್ನೇ ಕಟ್ಟಿದ ಜಿ. ಡಿ. ನಾಯ್ಡು (1893–1974) ಅವರು ಹುಡುಗನಾಗಿದ್ದಾಗ ಮೋಟಾರ್ ಸೈಕಲ್ಲೊಂದನ್ನು ಪೂರ್ತಿ ಬಿಚ್ಚಿ ಜೋಡಿಸಿ ಕಲಿತವರು. ಕಲಿಯಲು ಬಿಚ್ಚುವುದು ಬೇರೆ, ಊಹೆಯ ಮೇಲೆ ಬಿಚ್ಚುವುದು ಬೇರೆ.

ಮೆಕ್ಯಾನಿಕ್ ಮಾಸ್ಟರ್ ಸಿಲಿಂಡರನ್ನು ಕಳಚಿ ಒಳಗಿನ ಗೋಡೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ತುಕ್ಕಿನ ಸಣ್ಣ ಸಣ್ಣ ಗುಳಿಗಳು. ರಬ್ಬರ್ ಕಪ್ಪುಗಳ ಅಂಚು ಹರಿದಿತ್ತು. ಕಾರಣ ಹಳೆಯ ದ್ರವ. ಗ್ಲೈಕಾಲ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ನೀರು ವರ್ಷಗಳ ಮೇಲೆ ಲೋಹವನ್ನು ತಿನ್ನುತ್ತದೆ. ಡಾಟ್ 3 ದ್ರವ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ನೀರು ಸೇರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಆದ್ದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ತುಂಬಬೇಕು. ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯನ್ನು ಬಳಸಬಾರದು. ಹುಡುಗ ಸೀಟಿನ ಹಿಂದೆ ಇಟ್ಟಿದ್ದ ಬಾಟಲಿಯ ಮುಚ್ಚಳವೂ ಸಡಿಲವಾಗಿತ್ತು.

ಎಷ್ಟೇ ಅವಸರವಿದ್ದರೂ ಇಂಜಿನ್ ಆಯಿಲನ್ನೋ ಬೇರೆ ಎಣ್ಣೆಯನ್ನೋ ಈ ಡಬ್ಬಿಗೆ ಸುರಿಯಬೇಡಿ. ಒಳಗಿನ ರಬ್ಬರ್ ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ. ಡಾಟ್ 5 ಎಂಬ ಸಿಲಿಕೋನ್ ದ್ರವವನ್ನೂ ಇದರೊಂದಿಗೆ ಬೆರೆಸಬಾರದು. ಯಾವುದು ಹಾಕಬೇಕೆಂದು ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಬರೆದಿರುತ್ತದೆ.

ಗೋಡೆ ಗುಳಿಬಿದ್ದಿದ್ದರಿಂದ ರಬ್ಬರ್ ಕಿಟ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ ಎಂದು ಮೆಕ್ಯಾನಿಕ್ ಹೇಳಿದ. ಹೊಸ ರಬ್ಬರನ್ನು ಆ ಗುಳಿಗಳು ಮತ್ತೆ ಹರಿಯುತ್ತವೆ. ಹೊಸ ಸಿಲಿಂಡರನ್ನೇ ಹಾಕಿಸಿದರು. ಪ್ಲೇಟಿನ ಕೆಲಸಕ್ಕೆ ಕೊಟ್ಟ ಹಣದ ಒಂದು ಸಣ್ಣ ಪಾಲಿನಲ್ಲಿ ಅದು ಮುಗಿಯಿತು. ಗೇರ್ ಬಾಕ್ಸನ್ನು ಮುಟ್ಟಲಿಲ್ಲ.

ಆಮೇಲೆ ಗಾಳಿ ತೆಗೆಯುವ ಕೆಲಸ. ಸ್ಲೇವ್ ಸಿಲಿಂಡರಿನ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ದ್ರವವಿದ್ದ ಬಾಟಲಿಯಲ್ಲಿ ಮುಳುಗಿಸಿದ. ಹುಡುಗ ಪೆಡಲ್ ತುಳಿದು ಹಿಡಿದಾಗ ನಿಪ್ಪಲ್ ಸಡಿಲಿಸುವುದು, ಗುಳ್ಳೆ ಹೊರಬಂದ ಮೇಲೆ ಬಿಗಿ ಮಾಡುವುದು, ಆಮೇಲೆ ಮಾತ್ರ ಪೆಡಲ್ ಬಿಡುವುದು. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ನಡುನಡುವೆ ಮೇಲಿನ ಡಬ್ಬಿ ಬರಿದಾಗದಂತೆ ಗೆಳೆಯರೇ ದ್ರವ ಹಾಕುತ್ತಾ ನಿಂತರು. ಮೊದಲು ಕಾಫಿಯ ಬಣ್ಣದ ದ್ರವ ಬಂತು, ಆಮೇಲೆ ಗುಳ್ಳೆಗಳು, ಕೊನೆಗೆ ಗುಳ್ಳೆಯಿಲ್ಲದ ತಿಳಿ ದ್ರವ. ಹೊರಬಂದ ಹಳೆಯದನ್ನು ಮತ್ತೆ ಹಾಕಲಿಲ್ಲ.

ತಂದೆ ಮಗ ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದರು. ಈ ಕೆಲಸದಲ್ಲಿ "ತುಳಿ", "ಬಿಡು" ಎಂದು ಮತ್ತೆ ಮಾತು ಶುರುವಾಯಿತು.

ಸಂಜೆ ಪರೀಕ್ಷೆ ಮಾಡಿದೆವು. ಇಂಜಿನ್ ಚಾಲು ಮಾಡಿ, ಪೆಡಲ್ ತುಳಿದು ಕೆಲವು ಸೆಕೆಂಡು ಕಾದು ರಿವರ್ಸ್ ಹಾಕಿದರೆ ಸದ್ದಿಲ್ಲದೆ ಬಿತ್ತು. ಪೆಡಲ್ ಒತ್ತಿ ಒಂದು ನಿಮಿಷ ಹಿಡಿದರೂ ಕೆಳಗೆ ಇಳಿಯಲಿಲ್ಲ, ವಾಹನ ಕದಲಲಿಲ್ಲ. ಹಲಗೆ ಹಿಡಿಯಲು ತಾಯಿ ಬಂದರು. ಹುಡುಗ ಇಳಿದು, "ನೀವು ಬದಿಗೆ ನಿಲ್ಲಿ ಅಮ್ಮಾ, ಗಾಡಿ ನಿಂತು ಇಂಜಿನ್ ಆರಿಸಿದ ಮೇಲೆ ನಾನೇ ಹಲಗೆ ಹಾಕ್ತೀನಿ," ಎಂದ. ಕ್ಲಚ್ ಸರಿಯಿರಲಿ ಇಲ್ಲದಿರಲಿ, ಇದೇ ಕ್ರಮ. ವಾಹನಕ್ಕೂ ಗೋಡೆಗೂ ನಡುವೆ ಯಾರೂ ನಿಲ್ಲಬಾರದು.

ನೀವೂ ಮಾಡಬಹುದಾದದ್ದು

ಓದುಗರೇ, ನಿಮ್ಮ ಮನೆಯಲ್ಲಿ ಹಳೆಯ ಜೀಪೋ ಪಿಕಪ್ಪೋ ಇದ್ದರೆ ಇಷ್ಟನ್ನು ಅಭ್ಯಾಸ ಮಾಡಿಕೊಳ್ಳಿ. ವಾರಕ್ಕೊಮ್ಮೆ ಚಾಲಕನ ಮ್ಯಾಟನ್ನು ಎತ್ತಿ ನೋಡಿ. ಡಬ್ಬಿಯ ಮೇಲೆ ದ್ರವದ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದು ದಿನಾಂಕ ಬರೆಯಿರಿ. ದ್ರವ ಹಾಕಬೇಕಾಗಿ ಬಂದರೆ ಯಾವ ದಿನ, ಎಷ್ಟು ಎಂದು ಡೀಸೆಲ್ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಒಮ್ಮೆ ಹಾಕಿದರೆ ಗಮನಿಸಿ; ಎರಡನೇ ಸಲ ಹಾಕಬೇಕಾದರೆ ಸೋರಿಕೆ ಹುಡುಕಿ. ತುಂಬುತ್ತಾ ಹೋಗುವುದು ದುರಸ್ತಿಯಲ್ಲ. ಗ್ಯಾರೇಜಿಗೆ ಹೋದಾಗ "ಇದನ್ನು ಹಾಕಿಕೊಡಿ" ಎನ್ನಬೇಡಿ. "ಬೆಳಿಗ್ಗೆ ರಿವರ್ಸ್ ಕೂಗುತ್ತದೆ, ಪೆಡಲ್ ಇಳಿಯುತ್ತದೆ, ತಿಂಗಳಿಗೆ ಇಷ್ಟು ದ್ರವ ಹಾಕಿದ್ದೇವೆ" ಎಂದು ಕಂಡದ್ದನ್ನು ಹೇಳಿ. ಗೇರ್ ಬಾಕ್ಸ್ ಇಳಿಸುವ ಮುನ್ನ ಸ್ಲೇವ್ ಕಡ್ಡಿ ಎಷ್ಟು ಚಲಿಸುತ್ತದೆಂದು ತೋರಿಸಲು ಕೇಳಿ.

ದಾರಿಯಲ್ಲಿ ಪೆಡಲ್ ಪೂರ್ತಿ ಕೆಳಗೆ ಬಿದ್ದು ಏಳದಿದ್ದರೆ ಗಾಬರಿ ಬೇಡ. ಗೇರನ್ನು ಬಲವಂತ ಮಾಡಬೇಡಿ. ಬ್ರೇಕ್ ಒತ್ತಿ ರಸ್ತೆಯ ಬದಿಗೆ ನಿಲ್ಲಿಸಿ, ಇಂಜಿನ್ ನಿಂತರೆ ನಿಲ್ಲಲಿ. ಹೊರೆಯಿರುವಾಗ ಕ್ಲಚ್ ಇಲ್ಲದೆ ಓಡಿಸುವ ಸಾಹಸ ಬೇಡ.

ಹೊರಡುವ ದಿನ ಗೆಳೆಯರು ನಮ್ಮನ್ನು ಅದೇ ಪಿಕಪ್ಪಿನಲ್ಲಿ ಸೋಮನೂರು ಸ್ಟೇಷನ್ನಿಗೆ ಬಿಟ್ಟರು. ಡ್ಯಾಶ್‌ಬೋರ್ಡಿನ ಮೇಲೆ ಹೊಸ ನೋಟ್ ಪುಸ್ತಕವೊಂದಿತ್ತು. ಕುತೂಹಲದಿಂದ ತೆರೆದೆವು. ಮೊದಲ ಪುಟದಲ್ಲಿ ಹುಡುಗನ ತಮಿಳು ಅಕ್ಷರದಲ್ಲಿ ದಿನಾಂಕ, ಅದರ ಮುಂದೆ ಒಂದು ಸಾಲು. ಏನು ಬರೆದಿದ್ದೀಯೆ ಎಂದು ಕೇಳಿದೆವು. ಓದಿ ಕನ್ನಡದಲ್ಲಿ ಹೇಳಿದ: "ಮ್ಯಾಟ್ ಎತ್ತಿ ನೋಡಿದೆ. ಒಣಗಿದೆ. ಅಪ್ಪನಿಗೆ ಹೇಳಿದೆ."

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.